ಉಕುಲೇಲೆಗೆ ಗುಂಡಿ ಹಾಕಿಸಿದ ಶಿವಲಿಂಗಪ್ಪ ಕಾಕಾ

ಮನುಷ್ಯನು ಮನುಷ್ಯನನ್ನು ನಂಬುವುದರ ಮೇಲೆ ಈ ಲೋಕದ ಸಕಲ ವ್ಯವಹಾರವೂ ನಿಂತಿದೆ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರಲ್ಲಿ ಯಾರೂ ಟಿಳಕವಾಡಿಯ ನಮ್ಮ ಶಿವಲಿಂಗಪ್ಪ ಕಾಕಾನ ಮನೆಗೆ ಹಾಲು ಹಾಕಿದವರಲ್ಲ. ಕಾಕಾ ಹಾಲಿನ ಪಾತ್ರೆಯಲ್ಲಿ ತೋರುಬೆರಳು ಅದ್ದಿ, ಅದನ್ನು ಬೆಳಕಿಗೆ ಹಿಡಿದು, ಹನಿ ಜಾರುವ ವೇಗವನ್ನು ಗಮನಿಸಿ, ಆಮೇಲೆ ಹಾಲಿನವನ ಮುಖ ನೋಡುತ್ತಿದ್ದರು. ಹಾಲು ತೆಳ್ಳಗಿದ್ದರೆ ಅವರಿಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಗಟ್ಟಿಯಾಗಿದ್ದರೆ ಮಾತ್ರ ಹುಬ್ಬು ಮೇಲೇರುತ್ತಿತ್ತು.

“ಇವತ್ತ ಯಾಕ ಇಷ್ಟ ಚಲೋ ಐತಿ?” ಎಂದು ಕೇಳುತ್ತಿದ್ದರು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಹಾಲಿನವನು ಬೆಳಗಾವಿಯಲ್ಲಿ ಹುಟ್ಟಿರಲಿಲ್ಲ.

ಕಾಕಾ ನನ್ನ ತಂದೆಯ ತಮ್ಮ. ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತರಾದವರು. ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕುಳಿತು, ಮುಂದಿನ ಇಡೀ ಗಾಡಿಯ ಮೇಲೆ ಕಣ್ಣಿಟ್ಟು ಒಂದು ಆಯುಷ್ಯ ಕಳೆದ ಮನುಷ್ಯನಿಗೆ ಲೋಕವೆಲ್ಲ ತನ್ನ ಮುಂದೆ ಏನೋ ಮಾಡುತ್ತಿದೆ ಎಂಬ ಗುಮಾನಿ ಬರುವುದು ಸಹಜ. ವ್ಯಾಗನ್ನುಗಳ ಬಾಗಿಲಿಗೆ ಹಗ್ಗ ಕಟ್ಟಿ ಅರಗಿನ ಮುದ್ರೆ ಒತ್ತುತ್ತಿದ್ದ ಕಾಲ ಅದು. ಪ್ರತಿ ನಿಲ್ದಾಣದಲ್ಲೂ ಕಾಕಾ ಕೆಳಗಿಳಿದು ಒಂದೊಂದೇ ಮುದ್ರೆಯನ್ನು ಮುಟ್ಟಿ ನೋಡುತ್ತಿದ್ದರು. ಒಮ್ಮೆ ಲೋಂಡಾದಲ್ಲಿ ಒಂದು ಮುದ್ರೆ ಅವರ ಕಣ್ಣಿಗೆ ಸಂಶಯಾಸ್ಪದವಾಗಿ ಕಂಡಿತಂತೆ. ಗಾಡಿ ಬಿಡಲು ಒಪ್ಪಲಿಲ್ಲ. ಸ್ಟೇಷನ್ ಮಾಸ್ತರರು ಬಂದರು, ಪೊಲೀಸರು ಬಂದರು, ಸುತ್ತಲಿನ ಜನವೂ ಬಂದಿತು. ಬಹಳ ವಿಚಾರಣೆಯಾದ ಮೇಲೆ ಅದು ಅಂದು ಬೆಳಗ್ಗೆ ಸ್ವತಃ ಕಾಕಾನೇ ಎದುರು ನಿಂತು ಹಾಕಿಸಿದ ಮುದ್ರೆ ಎಂದು ತಿಳಿದುಬಂತು. ಇದನ್ನು ಹೇಳುವಾಗ ಕಾಕಾನಿಗೆ ನಾಚಿಕೆಯೇನೂ ಇರಲಿಲ್ಲ. “ನಾ ಹಾಕಿಸಿದ್ದು ಅಂದ ಕೂಡಲೆ ಬರೋಬರಿ ಇರತೈತೇನು?” ಎನ್ನುತ್ತಿದ್ದರು. ಸ್ವಂತಕ್ಕೂ ರಿಯಾಯಿತಿ ಕೊಡದ ನ್ಯಾಯವಂತರು.

ಇಂಥವರ ಕೈಗೆ ಉಕುಲೇಲೆ ಬಂದದ್ದು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದ ಡಿಸೋಜಾ ಎಂಬ ಜೊತೆಯ ಗಾರ್ಡನಿಂದ. ಉಕುಲೇಲೆ ಎಂದರೆ ಗಿಟಾರಿನಂತೆಯೇ ಇದ್ದು, ಬೆಳೆಯಲು ಮನಸ್ಸು ಮಾಡದ ವಾದ್ಯ. ನಾಲ್ಕೇ ತಂತಿ. ಕಂಕುಳಲ್ಲಿ ಇಟ್ಟುಕೊಂಡು ನಡೆದರೆ ಛತ್ರಿ ಇಟ್ಟುಕೊಂಡವರಂತೆ ಕಾಣುತ್ತದೆ. ಲೋಂಡಾದ ರನ್ನಿಂಗ್ ರೂಮಿನಲ್ಲಿ ಗಾಡಿಗಾಗಿ ಕಾಯುವ ಬೇಸರಕ್ಕೆ ಡಿಸೋಜಾ ಅದನ್ನು ನುಡಿಸುತ್ತಿದ್ದ, ಕಾಕಾನಿಗೂ ಕಲಿಸಿದ. ಕೆಲಸ ಮುಗಿಸಿ ಗೋವೆಗೆ ಹೊರಟಾಗ “ಇಟ್ಟುಕೋ ಪಾಟೀಲ” ಎಂದು ಕೊಟ್ಟುಹೋದ. ಕಾಕಾ ಮನೆಗೆ ಬಂದವರೇ ಬ್ಯಾಟರಿ ಬಿಟ್ಟು ವಾದ್ಯದ ಹೊಟ್ಟೆಯೊಳಗೆ ನೋಡಿದರು. ಪುಕ್ಕಟೆ ಕೊಟ್ಟಿದ್ದಾನೆಂದರೆ ಒಳಗೆ ಏನೋ ಇರಲೇಬೇಕು ಎಂಬುದು ಅವರ ವಾದ. ಏನೂ ಇರಲಿಲ್ಲ. ಇದರಿಂದ ಡಿಸೋಜಾನ ಮೇಲಿನ ಸಂಶಯ ಕಡಿಮೆಯೇನೂ ಆಗಲಿಲ್ಲ.

ಆದರೆ ಅದೇ ವಾದ್ಯ ಆ ಮನೆಯನ್ನು ಕಾಪಾಡಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಕಾ ಪಡಸಾಲೆಯಲ್ಲಿ ಕುಳಿತು ಒಂದು ತಾಸು ನುಡಿಸುತ್ತಿದ್ದರು. ಮಠದಲ್ಲಿ ಕೇಳಿದ ವಚನಗಳು, ಡಿಸೋಜಾನಿಂದ ಕಲಿತ ಯಾವುದೋ ಹಡಗಿನವರ ಹಾಡು, ಎಲ್ಲವೂ ಒಂದೇ ಧಾಟಿಯಲ್ಲಿ. ಆ ಒಂದು ತಾಸು ಅವರು ಯಾರನ್ನೂ ಸಂಶಯಿಸುತ್ತಿರಲಿಲ್ಲ. ಹಾಲು, ಕೀಲಿ, ಚಹಾದ ಸಕ್ಕರೆ, ಬಾಜು ಮನೆಯವರ ಕೆಮ್ಮು, ಯಾವುದರ ವಿಚಾರಣೆಯೂ ಇಲ್ಲ. ಕಾಕಾನ ಹೆಂಡತಿ ನೀಲಮ್ಮ ಕಾಕು ಮಂಡಿನೋವಿನ ಕಾಲು ಚಾಚಿ ಕುಳಿತು ಕೇಳುತ್ತಿದ್ದರು. “ಹಾಡು ಹೆಂಗರ ಇರಲಿ,” ಎಂದು ಒಮ್ಮೆ ನನಗೆ ಹೇಳಿದರು, “ಆ ಡಬ್ಬಿ ಬಾರಸೂ ತನಕ ನಾ ಈ ಮನ್ಯಾಗ ಕಳ್ಳಿ ಅಲ್ಲ. ಅಷ್ಟ ಸಾಕು.” ಮನೆಗೆಲಸದ ಗಂಗವ್ವ ಕೂಡ ಒರೆಸುವುದು, ಮಡಿಚುವುದು ಮುಂತಾದ ಅಪಾಯದ ಕೆಲಸಗಳನ್ನೆಲ್ಲ ಆ ತಾಸಿಗೇ ಇಟ್ಟುಕೊಂಡಿದ್ದಳು.

ಕಾಕಾನ ಬಲಭುಜ ಒಮ್ಮೆ ಗಾಡಿಯ ಜಗ್ಗಾಟದಲ್ಲಿ ಪೆಟ್ಟು ತಿಂದಿತ್ತು. ವಾದ್ಯವನ್ನು ಎದೆಗೆ ಒತ್ತಿ ಹಿಡಿಯಲು ಆ ತೋಳಿನಲ್ಲಿ ಶಕ್ತಿ ಇರಲಿಲ್ಲ. ಆದ್ದರಿಂದ ಕೊರಳಿಗೆ ಚರ್ಮದ ಪಟ್ಟಿ. ಪಟ್ಟಿಯ ಒಂದು ತುದಿಯನ್ನು ವಾದ್ಯದ ಕತ್ತಿಗೆ ದಾರದಿಂದ ಕಟ್ಟಿತ್ತು. ಇನ್ನೊಂದು ತುದಿ ಕೆಳಗೆ ಬುಡದಲ್ಲಿ ತಿರುಪಿನಿಂದ ಕೂಡಿಸಿದ ಹಿತ್ತಾಳೆಯ ಗುಂಡಿಗೆ ಸಿಕ್ಕಿಕೊಳ್ಳುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಸಂಜೆ ಆ ಗುಂಡಿ ತಿರುಪಿನ ಸಮೇತ ಕಳಚಿ ಕಾಕಾನ ಮಡಿಲಿಗೆ ಬಿತ್ತು. ಜೊತೆಗೆ ಚಿಟಿಕೆಯಷ್ಟು ಮರದ ಪುಡಿ. ಕಾಕಾ ಗುಂಡಿಯನ್ನು ನೋಡಿದರು, ಪುಡಿಯನ್ನು ನೋಡಿದರು, ಆಮೇಲೆ ಗಂಗವ್ವನನ್ನು ನೋಡಿದರು.

“ಯಾರೋ ತಿರುವ್ಯಾರ.”

“ಯಾರ್ ತಿರುವ್ತಾರ‍್ರಿ ಯಪ್ಪಾ ಅದನ್ನ,” ಎಂದಳು ಗಂಗವ್ವ.

“ಒರಸೂ ನೆವದಾಗ ದಿನಾ ತಿರುಪಿನ ಒಂದೊಂದ ಎಳಿ ತಿರುವಿದ್ರ ಯಾರಿಗೆ ಗೊತ್ತಾಗತೈತಿ?”

“ತಿರುವೂದಿದ್ರ ಎಂದೋ ನಿಮ್ಮ ಗೋಣ ತಿರುವತಿದ್ನಿರಿ. ಗುಂಡಿ ಯಾಕ ತಿರುವ್ಲಿ?”

ಪಟ್ಟಿಯಿಲ್ಲದೆ ನುಡಿಸುವುದು ಆಗಲಿಲ್ಲ. ವಾದ್ಯ ಜಾರಿ ಜಾರಿ ತೊಡೆಗೆ ಬರುತ್ತಿತ್ತು. ನುಡಿಸುವುದು ನಿಂತ ಮೇಲೆ ಆ ಒಂದು ತಾಸೂ ವಿಚಾರಣೆಗೇ ಸೇರಿಕೊಂಡಿತು. ಗಂಗವ್ವ ಮನೆಗೆ ಹೋಗುವಾಗ ಸೆರಗು ಝಾಡಿಸಿ ತೋರಿಸಬೇಕೆಂಬ ಮಟ್ಟಕ್ಕೆ ಬಂದಾಗ ಅವಳು ಅಮಾವಾಸ್ಯೆಗೆ ಕೆಲಸ ಬಿಡುತ್ತೇನೆಂದಳು. ಕಾಕು ನನ್ನನ್ನು ಕರೆಸಿದರು. ನಾನಾಗ ಬೆಳಗಾವಿಯ ಒಂದು ಕಚೇರಿಯಲ್ಲಿ ಹೊಸದಾಗಿ ಗುಮಾಸ್ತನಾಗಿದ್ದೆ, ಎರಡು ಗಲ್ಲಿ ಆಚೆ ನನ್ನ ಖೋಲಿ.

“ತಮ್ಮಾ, ಆ ಗುಂಡಿ ಕೂಡಿಸ್ಕೊಂಡ ಬಾ. ಗಂಗವ್ವ ಹ್ವಾದ್ರ ನೀರ ಸೇದಾವರು ಯಾರು? ನಾ ಎದ್ದ ನಿಂದ್ರೂದ ಒಂದ ಹಬ್ಬ ಆಗೇತಿ. ಮತ್ತ ಈ ಊರಾಗ ಇವರ ಮನಿಗೆ ಇನ್ನೊಬ್ಬಾಕಿ ಬರೂದಿಲ್ಲ. ಎಲ್ಲಾರಿಗೂ ಇವರ ಕೀರ್ತಿ ಗೊತ್ತೈತಿ.”

ಮೊದಲು ಪೇಟೆಯ ಒಂದು ವಾದ್ಯದಂಗಡಿಗೆ ಹೋದೆವು. ಅಂಗಡಿಯವನು ಸವೆದ ತೂತನ್ನು ನೋಡಿ, ಪೆಟ್ಟಿಗೆಯಿಂದ ಇನ್ನೂ ದಪ್ಪನೆಯ ಒಂದು ತಿರುಪು ತೆಗೆದು, ಸುತ್ತಿಗೆಯನ್ನೂ ಪಕ್ಕಕ್ಕೆ ಇಟ್ಟುಕೊಂಡ. ಕಾಕಾ ಸುತ್ತಿಗೆಯನ್ನು ಕಂಡದ್ದೇ ವಾದ್ಯವನ್ನು ಕಸಿದುಕೊಂಡು ಬೀದಿಗೆ ಬಂದರು. ಈ ಒಂದು ಸಲ ಅವರ ಸಂಶಯ ಸರಿಯಾಗಿತ್ತೆಂದು ಈಗ ನನಗನ್ನಿಸುತ್ತದೆ. ಅಷ್ಟು ತೆಳುವಾದ ಮರಕ್ಕೆ ದಪ್ಪ ತಿರುಪು ಬಿಗಿದಿದ್ದರೆ ಅದು ಬಾಯಿಬಿಟ್ಟು ಸೀಳುತ್ತಿತ್ತು. ಸರಿಯಾದ ಸಂಶಯಕ್ಕೂ ತಪ್ಪು ಸಂಶಯಕ್ಕೂ ಕಾಕಾ ಒಂದೇ ಮುಖ ಮಾಡುತ್ತಿದ್ದದ್ದರಿಂದ ಯಾವುದು ಯಾವುದೆಂದು ಹತ್ತಿರದವರಿಗೂ ತಿಳಿಯುತ್ತಿರಲಿಲ್ಲ.

ಖಾನಾಪುರದಲ್ಲಿ ವಿಠೋಬಾ ಸುತಾರ ಎಂಬ ಹಾರ್ಮೋನಿಯಂ ದುರಸ್ತಿಯವರಿದ್ದಾರೆಂದು ಯಾರೋ ಹಳೆಯ ರೈಲ್ವೆಯವರು ಹೇಳಿದರು. ಪ್ಯಾಸೆಂಜರ್ ಗಾಡಿ ಹತ್ತಿದೆವು. ಕಾಕಾ ವಾದ್ಯವನ್ನು ಧೋತರದ ತುಂಡಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ಎದುರಿಗೆ ಕುಳಿತ ಮುದುಕಿ “ಕೂಸ ಎಷ್ಟ ತಿಂಗಳದರೀ?” ಎಂದು ಕೇಳಿದಾಗ ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ನನ್ನ ಕಿವಿಯಲ್ಲಿ ಮಾತ್ರ “ಇಕಿ ಯಾಕ ಕೇಳಾಕತ್ತಾಳ?” ಎಂದರು. ನನ್ನನ್ನು ಕರೆದುಕೊಂಡು ಹೋಗಿದ್ದು ಸಹಾಯಕ್ಕಲ್ಲ, ಸಾಕ್ಷಿಗೆ ಎಂದು ಅಲ್ಲಿಯೇ ಸ್ಪಷ್ಟಪಡಿಸಿದರು.

ವಿಠೋಬಾ ಸುತಾರರ ಅಂಗಡಿ ಸ್ಟೇಷನ್ನಿನಿಂದ ದೂರವಿರಲಿಲ್ಲ. ಬಿಳಿ ಟೋಪಿ, ಕಿವಿಯಲ್ಲಿ ಪೆನ್ಸಿಲ್, ಬಂದವರನ್ನು ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ. ಹಲಗೆಯ ಡೊಂಕು ನೋಡುವಂತೆಯೇ ಮನುಷ್ಯರ ಡೊಂಕನ್ನೂ ನೋಡುತ್ತಿದ್ದರು. ಕಾಕಾ ವಾದ್ಯವನ್ನು ಮುಂದಿಟ್ಟರೂ ಅವರು ಮುಟ್ಟಲಿಲ್ಲ.

“ಮಾಲಕರು ಯಾರು?”

“ನಾನು,” ಎಂದರು ಕಾಕಾ.

“ಮುಂದ ಕುಂದರ್ರಿ. ಮಾಲಕರು ಮುಂದ ಇಲ್ಲದ ನಾ ಕೈ ಹಚ್ಚೂದಿಲ್ಲ.” ಸುತಾರರು ಸೀಮೆಸುಣ್ಣದ ತುಂಡು ತೆಗೆದುಕೊಂಡರು. “ಈ ಗೀರು ನಿಮ್ದ?”

“ನಮ್ದ.”

ಗೀರಿನ ಸುತ್ತ ಸಣ್ಣದೊಂದು ಬಿಳಿಯ ಗೋಲ ಬಿತ್ತು.

“ಈ ಬಾಜೂದ್ದು?”

“ಅದು ಡಿಸೋಜಾಂದು.”

“ಅಂದ್ರ ನನ್ದಲ್ಲ.” ಇನ್ನೊಂದು ಗೋಲ.

ಹೀಗೆ ವಾದ್ಯದ ಮೈಮೇಲಿನ ಪ್ರತಿಯೊಂದು ಹಳೆಯ ಗಾಯವೂ ಮಾಲಕರ ಬಾಯಿಂದಲೇ ಒಪ್ಪಿಗೆ ಪಡೆದು ಗುರುತಾಯಿತು. ಹಿಂದೊಮ್ಮೆ ಯಾವನೋ ಗಿರಾಕಿ ತನ್ನ ಹಾರ್ಮೋನಿಯಂನ ಒಳ್ಳೆಯ ಸ್ವರಪಟ್ಟಿಗಳನ್ನು ಇವರು ಬದಲಾಯಿಸಿದ್ದಾರೆಂದು ಊರೆಲ್ಲ ಸಾರಿದಂದಿನಿಂದ ಸುತಾರರು ಈ ಪದ್ಧತಿ ಇಟ್ಟುಕೊಂಡಿದ್ದರು. ನಾನು ಕಾಕಾನ ಮುಖ ನೋಡಿದೆ. ತಮ್ಮನ್ನು ಯಾರಾದರೂ ಸಂಶಯಿಸಬಹುದು ಎಂಬ ಸಂಗತಿ ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ. ಅವಮಾನವೂ ಗೌರವವೂ ಬೆರೆತ ಒಂದು ಭಾವ ಅವರ ಮೀಸೆಯ ಮೇಲೆ ಸುಳಿದಾಡಿತು.

ಗೋಲಗಳೆಲ್ಲ ಬಿದ್ದ ಮೇಲೆ ಸುತಾರರು ತಂತಿಗಳನ್ನು ಸಡಿಲಿಸಿ, ಸಣ್ಣ ಕನ್ನಡಿಯೊಂದನ್ನು ವಾದ್ಯದ ಬಾಯಿಯೊಳಗೆ ಇಳಿಸಿ ನೋಡಿದರು.

“ಬುಡದಾಗ ಒಳಗ ಒಂದ ಗಟ್ಟಿ ತುಂಡ ಕೂಡ್ಸ್ಯಾರ. ತಿರುಪು ಅದರಾಗ ಕುಂದರಬೇಕು. ಹೊರಗಿನ ಹಲಿಗಿ ಹಪ್ಪಳ ಇದ್ದಾಂಗ, ಅದಕ್ಕ ಭಾರ ಹಾಕಬಾರ್ದು. ಹಳೇ ತೂತಿಗೆ ಬೆಣಿ ಹೊಡದು, ಅಂಟ ಹಾಕಿ, ಒಣಗಿದ ಮ್ಯಾಲ ಹೊಸಾ ತೂತ.”

“ತಾನ ತಾನ ಸಡಿಲ ಆತಂತೀರೇನು? ಯಾರೂ ತಿರುವಿಲ್ಲ?” ಎಂದರು ಕಾಕಾ.

“ಪಟ್ಟಿ ಜಗ್ಗಿ ಜಗ್ಗಿ ತೂತ ಅಗಲ ಆಗೇತಿ. ತಿರುವಿದ್ರ ಮರದಾಗ ತಿರುಪಿನ ಎಳಿ ಸುದ್ದ ಇರ್ತಿದ್ವು. ಇಲ್ಲಿ ಪುಡಿ ಆಗೇತಿ, ನೋಡ್ರಿ.”

ಕಾಕಾ ನೋಡಿದರು. ಗಂಗವ್ವ ನಿರಪರಾಧಿ ಎಂದು ಖಾನಾಪುರದಲ್ಲಿ ತೀರ್ಪಾಯಿತು. ಆದರೆ ಸುತಾರರು ಬೆಣೆ ಹೊಡೆದು ಅಂಟು ಹಾಕಿ, ಅದು ಒಣಗಲು ಮರುದಿನದವರೆಗೆ ಬೇಕು ಎಂದಾಗ ಕಾಕಾ ಎದ್ದೇ ನಿಂತರು. ವಾದ್ಯವನ್ನು ಪರರ ಊರಿನಲ್ಲಿ, ಪರರ ಅಂಗಡಿಯಲ್ಲಿ ಬಿಟ್ಟುಹೋಗುವುದು ಶಕ್ಯವೇ ಇಲ್ಲ. ಆಶ್ಚರ್ಯವೆಂದರೆ ಸುತಾರರೂ ಅದನ್ನು ಇಟ್ಟುಕೊಳ್ಳಲು ಸುತರಾಂ ಒಪ್ಪಲಿಲ್ಲ.

“ನಾಳೆ ಬಂದು ಇದು ನಮ್ದಲ್ಲ, ಬದಲಿ ಮಾಡೀರಿ ಅಂದ್ರ?”

“ನಾ ಯಾಕ ಅಂತೀನಿ?”

“ಅನ್ನಾವರ ಹಂಗ ಕಾಣ್ತೀರಿ.”

ಅಂಟು ಹಸಿಯಿರುವಾಗ ಗಾಡಿಯಲ್ಲಿ ಒಯ್ದರೆ ಬೆಣೆ ಅಲುಗುತ್ತದೆ. ಬಿಟ್ಟುಹೋದರೆ ಇಬ್ಬರ ಮಾನವೂ ಅಲುಗುತ್ತದೆ. ಕೊನೆಗೆ ಸುತಾರರು ಗೂಟದಿಂದ ತಮ್ಮ ಕೈಬೈರಿಗೆಯನ್ನು ತೆಗೆದರು. ಹಿಡಿ ತಿರುವಿದರೆ ಹಲ್ಲಿನ ಚಕ್ರ ತಿರುಗುವಂಥದು, ಮುಂದೆ ಮೊನೆಯನ್ನು ಕಚ್ಚಿಹಿಡಿಯುವ ಉಕ್ಕಿನ ಬಾಯಿ.

“ನನ್ನ ಕಡೆ ಇದು ಒಂದ ಐತಿ. ಇದಿಲ್ಲದ ನಾ ತೂತ ಹೊಡಿಯಾಂಗಿಲ್ಲ. ಇದನ್ನ ನೀವು ಒಯ್ಯರಿ. ನಿಮ್ಮ ವಾದ್ಯ ನನ್ನ ಕಡೆ, ನನ್ನ ಕೈ ನಿಮ್ಮ ಕಡೆ. ನಿಮ್ಮ ಹಿಂದ ನಾ ಏನೂ ಮಾಡಾಕ ಬರೂದಿಲ್ಲ. ನಾಳೆ ಬದಲಿ ಮಾಡ್ಕೊಳ್ಳೂಣು.”

ಎರಡು ರಾಜ್ಯಗಳು ಸಂಧಿಯ ಹೊತ್ತಿಗೆ ರಾಜಕುಮಾರರನ್ನು ಒತ್ತೆಯಿಡುವ ಪದ್ಧತಿ ಹಿಂದೆ ಇತ್ತೆಂದು ಸಾಲೆಯಲ್ಲಿ ಓದಿದ್ದೆ. ಖಾನಾಪುರದಲ್ಲಿ ಕಣ್ಣಾರೆ ಕಂಡೆ. ಕಾಕಾ ಬೈರಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹಿಂದಿರುಗುವಾಗ ಗಾಡಿಯಲ್ಲಿ ಅವರ ಮುಖದಲ್ಲಿ ಅಪರೂಪದ ನೆಮ್ಮದಿ ಇತ್ತು. “ಮನಷ್ಯಾ ಬರೋಬರಿ ಅದಾನ,” ಎಂದರು. “ಯಾರನ್ನೂ ನಂಬೂದಿಲ್ಲ.”

ನೆಮ್ಮದಿ ದೇಸೂರು ಸ್ಟೇಷನ್ ದಾಟುವವರೆಗೆ ಇತ್ತು. ಆಮೇಲೆ, ಸುತಾರರು ನಾಳೆ ‘ಬೈರಿಗೆಯ ಬಾಯಿ ಬದಲಿ ಮಾಡಿದ್ದೀರಿ’ ಎಂದರೆ ಗತಿಯೇನು ಎಂಬ ಯೋಚನೆ ಹತ್ತಿಕೊಂಡಿತು. ಮನೆಗೆ ಹೋದವರೇ ಟ್ರಂಕು ತೆರೆದು, ನೌಕರಿಯ ಕಾಲದ ಅರಗಿನ ಕಡ್ಡಿ ಹುಡುಕಿ ತೆಗೆದರಂತೆ. ಬೈರಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಹುರಿಯಿಂದ ಬಿಗಿದು, ಗಂಟಿನ ಮೇಲೆ ಅರಗು ಕಾಸಿ ಸುರಿದು, ಹಳೆಯ ಕೋಟಿನ ಹಿತ್ತಾಳೆ ಗುಂಡಿಯಿಂದ ಮುದ್ರೆ ಒತ್ತಿದರು. ಕಡಿಮೆ ಬೀಳಬಾರದೆಂದು ಅರಗನ್ನು ಧಾರಾಳವಾಗಿಯೇ ಬಳಸಿದ್ದರು. ಇಷ್ಟನ್ನೂ ಮರುದಿನ ಗಾಡಿಯಲ್ಲಿ ಹೆಮ್ಮೆಯಿಂದ ನನಗೆ ಹೇಳಿದರು.

ಸುತಾರರು ಗಂಟು ಬಿಚ್ಚಿದರು. ಕಾದ ಅರಗು ತೆಳುವಾದ ಬಟ್ಟೆಯ ಮೂಲಕ ಇಳಿದು ಬೈರಿಗೆಯ ಉಕ್ಕಿನ ಬಾಯಿಯೊಳಗೆ ಕೆಂಪಗೆ ಹೆಪ್ಪುಗಟ್ಟಿ ಕುಳಿತಿತ್ತು. ಬಾಯಿ ತೆರೆಯುತ್ತಲೂ ಇರಲಿಲ್ಲ, ಮುಚ್ಚುತ್ತಲೂ ಇರಲಿಲ್ಲ. ಸುತಾರರು ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು.

“ಇದು ಮೊದಲ ಹಿಂಗ ಇತ್ತೋ ಏನೋ,” ಎಂದರು ಕಾಕಾ. ಆ ಧ್ವನಿಯನ್ನು ನಾನು ಅವರ ಬಾಯಿಂದ ಹಿಂದೆಂದೂ ಕೇಳಿರಲಿಲ್ಲ. ಅದು ಹಾಲಿನವನ ಧ್ವನಿ.

“ಮೊದಲ ಇತ್ತಂದ್ರ ಸೀಲ್ ಯಾತಕ್ಕ ಹಾಕಿದ್ರಿ?”

ಸುತಾರರು ಕಿವಿಯ ಪೆನ್ಸಿಲನ್ನು ಮುಟ್ಟಲಿಲ್ಲ. ಸೀಮೆಸುಣ್ಣ ತೆಗೆದು ಅರಗು ಮೆತ್ತಿದ ಜಾಗದ ಸುತ್ತ ನಿಧಾನವಾಗಿ ಒಂದು ಗೋಲ ಹಾಕಿದರು.

“ಇದು ನಿಮ್ದ.”

“ನಮ್ದ,” ಎಂದರು ಕಾಕಾ.

ಆಮೇಲಿನ ಹೊತ್ತು ನನ್ನ ನೆನಪಿನಲ್ಲಿ ಬಹಳ ಸ್ಪಷ್ಟವಾಗಿದೆ. ಪಾಲಿಶ್ ಮಾಡುವ ಸ್ಪಿರಿಟ್ಟಿನ ಬಾಟಲಿಯನ್ನೂ ಹಳೆಯ ಹಲ್ಲುಜ್ಜುವ ಬ್ರಶ್ಶನ್ನೂ ಕಾಕಾನ ಮುಂದಿಟ್ಟು, ಸುತಾರರು ಮಣೆ ಎಳೆದುಕೊಂಡು ಎದುರು ಕುಳಿತರು. ಕಾಕಾ ಬ್ರಶ್ಶು ಅದ್ದಿ ಅದ್ದಿ ಬೈರಿಗೆಯ ಬಾಯಿ ತೊಳೆದರು. ಸುತಾರರು ಕಣ್ಣು ಕದಲಿಸದೆ ನೋಡಿದರು. “ಆ ಮೂಲಿ ಉಳದೈತಿ,” “ಭಾಳ ಒತ್ತಬ್ಯಾಡ್ರಿ,” “ಸ್ಪಿರಿಟ್ ಅತ್ಲಾಗ ಇಡ್ರಿ, ನಿಮ್ಮ ವಾದ್ಯದ ಮ್ಯಾಲ ಬಿದ್ರ ಪಾಲಿಶ್ ಹೋಗತೈತಿ, ಮತ್ತ ನನ್ನ ಹೆಸರ ಹೇಳ್ತೀರಿ.” ಕಾಕಾ ಹೇಳಿದಂತೆಯೇ ಮಾಡಿದರು.

ಬಾಯಿ ಸಡಿಲವಾದ ಮೇಲೆ ಕೆಲಸ ಬೇಗ ಸಾಗಿತು. ಬೆಣೆ ಗಟ್ಟಿಯಾಗಿ ಕುಳಿತಿತ್ತು. ಮೇಲೆ ಉಳಿದ ಚೂರನ್ನು ಉಳಿಯಿಂದ ಸಮ ಮಾಡಿದರು. ತಿರುಪಿಗಿಂತ ಸಣ್ಣದಾದ ಮೊನೆಯನ್ನು ಬೈರಿಗೆಗೆ ಕಚ್ಚಿಸಿ, ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಕಾಗದದ ಪಟ್ಟಿ ಸುತ್ತಿದರು. ವಾದ್ಯವನ್ನು ಕಾಕಾನೇ ಹಿಡಿಯಬೇಕಾಯಿತು. ಮೊನೆ ಮರಕ್ಕಿಳಿಯುತ್ತ ನಡುವೆ ಒಮ್ಮೆ ಚಿರ್ರೆಂದಿತು. ಸೀಳಿತೆಂದೇ ನಾನು ತಿಳಿದೆ. ಕಾಕಾ ಕಣ್ಣು ಮುಚ್ಚಿಕೊಂಡರು. ಒಬ್ಬ ಮನುಷ್ಯ ಕೆಲಸ ಮಾಡುವಾಗ ಕಾಕಾ ಕಣ್ಣು ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೀಳಿರಲಿಲ್ಲ, ಮೊನೆಗೆ ಪುಡಿ ಕಟ್ಟಿತ್ತು ಅಷ್ಟೆ. ಸುತಾರರು ಊದಿ ತೆಗೆದರು. ತಿರುಪಿಗೆ ಸಾಬೂನು ಸವರಿ, ಗುಂಡಿಗೂ ಮರಕ್ಕೂ ನಡುವೆ ಹಾರ್ಮೋನಿಯಂಗೆ ಹಾಕುವ ಉಣ್ಣೆಬಟ್ಟೆಯ ಸಣ್ಣ ಬಿಲ್ಲೆಯಿಟ್ಟು, ಕೈಯಿಂದಲೇ ತಿರುವುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು.

“ಇನ್ನೊಂದ ಅರ್ಧಾ ಸುತ್ತ,” ಎಂದರು ಕಾಕಾ, ತಡೆಯಲಾಗದೆ.

“ಇನ್ನರ್ಧಾ ತಿರುವಿದವರ ವಾದ್ಯಾ ಎಲ್ಲಾ ನನ್ನ ಕಡೆ ಬರ್ತಾವ.”

ಪಟ್ಟಿ ಸಿಕ್ಕಿಸಿ ಕಾಕಾನ ಕೊರಳಿಗೆ ಹಾಕಿದ್ದಾಯಿತು. “ಕೈ ಬಿಡ್ರಿ” ಎಂದರು ಸುತಾರರು. ಕಾಕಾ ಬಿಡಲಿಲ್ಲ. “ತಮ್ಮಾ, ಕೆಳಗ ಕೈ ಇಡು” ಎಂದರು. ಇಟ್ಟೆ. ನನ್ನ ಕೈಯನ್ನು ಒಂದು ಕಣ್ಣು ಮುಚ್ಚಿ ನೋಡಿದ ಸುತಾರರು ಅದರ ಕೆಳಗೆ ತಮ್ಮ ಕೈಯನ್ನೂ ಇಟ್ಟರು. ಕಾಕಾ ಬೆರಳು ಒಂದೊಂದಾಗಿ ಬಿಟ್ಟರು. ವಾದ್ಯ ಎದೆಯ ಮೇಲೆ ತೂಗಿ ನಿಂತಿತು. ಮೂರು ಜನ ದೊಡ್ಡವರು ಒಂದು ಮೊಳದ ವಾದ್ಯದ ಕೆಳಗೆ ಬಾಗಿ ನಿಂತದ್ದನ್ನು ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ ನಿಲ್ಲಿಸಿ ನೋಡಿದ.

ಮನೆಗೆ ಬಂದು ಕಾಕಾ ಗಂಗವ್ವನನ್ನು ಕರೆದರು. ಕಾಕು ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತರು.

“ನೀ ತಿರುವಿಲ್ಲಂತ ಖಾತ್ರಿ ಆತು,” ಎಂದರು ಕಾಕಾ.

ಗಂಗವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಇನ್ನ ಮುಂದೂ ತಿರುವಬ್ಯಾಡ.”

ಇದಕ್ಕಿಂತ ದೊಡ್ಡ ಕ್ಷಮಾಪಣೆ ಆ ಬಾಯಿಂದ ಬರುವುದಿಲ್ಲವೆಂದು ಗಂಗವ್ವನಿಗೆ ಗೊತ್ತಿತ್ತು. “ಅಮಾಸಿ ಆಗ್ಲಿ, ನೋಡೂಣು” ಎಂದು ಒಳಗೆ ಹೋದಳು. ಅಮಾವಾಸ್ಯೆ ಬಂತು, ಹೋಯಿತು. ಸಂಜೆಯ ಒಂದು ತಾಸು ಆ ಮನೆಗೆ ಮರಳಿ ಬಂದಿತ್ತು. ಉಳಿದ ತಾಸುಗಳಲ್ಲಿ ಕಾಕಾ ಮೊದಲಿನಂತೆಯೇ ಇದ್ದರು. ಸುತಾರರಿಂದ ಅವರೇನೋ ಪಾಠ ಕಲಿತು ಬದಲಾದರೆಂದು ಬರೆಯಲು ನನಗೂ ಆಸೆಯಿದೆ. ಆದರೆ ಅವರು ಕಲಿತದ್ದು ಸೀಮೆಸುಣ್ಣದ ಉಪಯೋಗ ಒಂದನ್ನೇ. ಮುಂದೆ ಆ ಮನೆಯ ತಾಟು, ತಂಬಿಗೆಗಳ ಮೇಲೆಲ್ಲ ಬಿಳಿಯ ಗೋಲಗಳು ಕಂಡುಬಂದವು.

ನಾನು ವರ್ಗವಾಗಿ ಬೇರೆ ಊರಿಗೆ ಹೋದೆ. ಎಂಬತ್ತರ ದಶಕದ ನಡುವೆ, ಕಾಕಾನಿಗೆ ಬಹಳ ಸೀರಿಯಸ್ ಎಂದು ತಿಳಿದು ಬಂದಾಗ, ಅವರು ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಧ್ವನಿ ಇಳಿದಿತ್ತು, ಕಣ್ಣು ಇಳಿದಿರಲಿಲ್ಲ. ವಾದ್ಯ ಪಟ್ಟಿಯ ಸಮೇತ ಎದುರಿನ ಗೂಟಕ್ಕೆ ತೂಗುತ್ತಿತ್ತು. ಅವರು ಅದನ್ನು ನುಡಿಸಿ ಎಷ್ಟೋ ದಿನವಾಗಿತ್ತೆಂದು ಕಾಕು ಹೇಳಿದರು. ಈಗ ಸಂಜೆಯ ತಾಸಿನಲ್ಲಿ ಕಾಕು ಅವರ ಪಕ್ಕ ಕುಳಿತು ಸುಮ್ಮನೆ ಗುನುಗುತ್ತಿದ್ದರಂತೆ, ಕಾಕಾ ಆಗಲೂ ಯಾರನ್ನೂ ಏನೂ ಕೇಳುತ್ತಿರಲಿಲ್ಲವಂತೆ.

“ತಮ್ಮಾ, ಗುಂಡಿ ನೋಡು,” ಎಂದರು ಕಾಕಾ.

ನೋಡಿದೆ. “ಗಟ್ಟಿ ಐತ್ರಿ ಕಾಕಾ.”

ಅವರು ನನ್ನನ್ನು ಒಳಗೆ ಕಳಿಸಿ ಗಂಗವ್ವನನ್ನು ಕರೆಸಿದರು. ಅವಳ ಕೂದಲೂ ನರೆತಿತ್ತು. ಅವಳೂ ನೋಡಿದಳು. “ಗಟ್ಟಿ ಐತ್ರಿ ಯಪ್ಪಾ,” ಎಂದಳು.

ಕಾಕಾ ನನ್ನನ್ನು ಮತ್ತೆ ಕರೆದರು. ಇಬ್ಬರ ಮುಖವನ್ನೂ ಸರದಿಯ ಮೇಲೆ ಬಹಳ ಹೊತ್ತು ನೋಡಿದರು.

“ಇಬ್ಬರದೂ ಒಂದ ಮಾತು,” ಎಂದರು. “ಅಂದ್ರ ಮೊದಲ ಮಾತಾಡ್ಕೊಂಡೀರಿ.”

ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು. ಆ ವಾರವೇ ಅವರು ತೀರಿಕೊಂಡರು.

ನಾವು ಮಾತಾಡಿಕೊಂಡಿರಲಿಲ್ಲ. ಗುಂಡಿ ಗಟ್ಟಿಯಾಗಿತ್ತು.